ದೇವರ ಕಣಜದ ಒಂದು ಮೊರ ಜೋಳ

ಮೊದಲು ಎದ್ದು ಕೂತು ಕೈ ಮುಗಿ ಪುಟ್ಟೀ, ಆಮೇಲೆ ಮಲಕೋ. ಹೊಲಕ್ಕೆ ಮಳೆ ಕೊಡೋ ತಂದೆ, ತೊಟ್ಟಿಲಿಗೆ ನಿದ್ದೆ ಕೊಡೋ ತಾಯಿ, ಇಬ್ಬರೂ ಆಗಿರೋ ಸ್ವಾಮಿ, ನಿನಗೆ ಶರಣು. ಹೇಳೋ ನಾಲಿಗೆ ಸುಳ್ಳಿಗೆ ಹೊರಳದ ಹಾಗೆ ಕಾಯಿ, ಕೇಳೋ ಈ ಮಗುವಿನ ಕಣ್ಣು ಕತೆ ಮುಗಿಯೋವರೆಗಾದರೂ ಮುಚ್ಚದ ಹಾಗೆ ಕಾಯಿ. ಹೂಂ, ಈಗ ಮಲಕೋ. ದೀಪ ಆರಿಸಲ್ಲ, ಬತ್ತಿ ಸಣ್ಣ ಮಾಡ್ತೀನಿ ಅಷ್ಟೇ. ನೀನು ಮಾತ್ರ ಹೂಂಗುಟ್ಟಬೇಕು, ಹೂಂಗುಟ್ಟೋರಿಲ್ಲದಿದ್ದರೆ ಕತೆ ಅರ್ಧ ದಾರೀಲಿ ಕೂತುಬಿಡುತ್ತೆ.

ಒಂದಾನೊಂದು ಕಾಲದಲ್ಲಿ, ಒಕ್ಕಲಿನ ಮೇಲೆ ಗೌಡ, ಗೌಡನ ಮೇಲೆ ನಾಯಕ, ನಾಯಕನ ಮೇಲೆ ರಾಜ, ರಾಜನ ಮೇಲೆ ದೇವರು ಅಂತ ಒಬ್ಬರ ಹೆಗಲ ಮೇಲೆ ಒಬ್ಬರು ಕೂತಿದ್ದ ಕಾಲದಲ್ಲಿ, ಬಿಲ್ಲಕೆರೆ ಅಂತ ಒಂದು ಊರಿತ್ತಂತೆ. ಏನಂದೆ? ಎಲ್ಲರ ಕೆಳಗಿರೋನಿಗೆ ಭಾರ ಆಗಲ್ವಾ ಅಂತಲಾ? ಆಗುತ್ತೆ ಕಂದ, ಆಗದೆ ಏನು. ಅದಕ್ಕೇ ದೇವರು ಎಲ್ಲರ ಮೇಲೂ ಇರ್ತಾನೆ, ಎಲ್ಲರ ಕೆಳಗೂ ಇರ್ತಾನೆ. ಈಗ ಕೇಳು.

ಆ ಊರಿಗೆ ಒಂದು ಮಣ್ಣಿನ ಕೋಟೆ, ಕೋಟೆ ಮಗ್ಗುಲಿಗೆ ಒಂದು ಕೆರೆ, ಕೆರೆ ಏರಿಯ ಮೇಲೆ ಕಲಿನಾಥ ದೇವರ ಗುಡಿ. ಗುಡಿ ಪಕ್ಕದಲ್ಲಿ ಕಲ್ಲುಕಂಬದ ಮೇಲೆ ಎತ್ತರಿಸಿ ಕಟ್ಟಿದ ಒಂದು ಕಣಜ. ದೇವರ ಹೊಲದ ಜೋಳ ಅದರಲ್ಲಿ ಇರ್ತಿತ್ತಂತೆ, ಆ ಕಣಜಕ್ಕೆ ಅಗುಳಿಯೇ ಇರಲಿಲ್ಲವಂತೆ. ಇಲ್ಲದವರು ತಗೊಂಡು ಹೋಗೋರು, ಬೆಳೆದಾಗ ತಂದು ಸುರಿಯೋರು, ಯಾರು ತಗೊಂಡರು ಯಾರು ಸುರಿದರು ಅಂತ ಕೇಳೋರಿಲ್ಲ. ಸೋಮಜೀಯ ಅಂತ ಗುಡಿಯ ಮುದಿ ಪೂಜಾರಿ, ಅವನು ಹೇಳ್ತಿದ್ದನಂತೆ, ನೋಡೋನು ಒಳಗೆ ಕೂತಿದ್ದಾನೆ, ನಾನ್ಯಾಕೆ ಬಾಗಿಲು ಕಾಯಲಿ ಅಂತ.

ಆ ಊರಲ್ಲಿ ದೇಕವ್ವ ಅಂತ ಒಬ್ಬ ವಿಧವೆ. ಹಿಂದೆ ಒಂದು ಸಲ ಪಕ್ಕದ ಸೀಮೆಯವರು ಊರ ದನ ಹೊಡಕೊಂಡು ಹೋದಾಗ, ಅವಳ ಗಂಡ ಬೆನ್ನಟ್ಟಿಹೋಗಿ ದನ ಬಿಡಿಸಿ, ತಾನು ಬಾಣ ತಿಂದು ಬಿದ್ದನಂತೆ. ಊರವರು ಏರಿ ಮೇಲೆ ಅವನಿಗೊಂದು ವೀರಗಲ್ಲು ನಿಲ್ಲಿಸಿದರು, ಆಗಿನ ನಾಯಕ ದೇಕವ್ವನಿಗೆ ಒಂದು ತುಂಡು ಹೊಲ ಕೊಟ್ಟ. ಸತ್ತವನ ರಕ್ತಕ್ಕೆ ಕೊಟ್ಟ ಹೊಲ ಅಂತ ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಆ ಹೊಲದಲ್ಲಿ ಬೆಳೆದ ಜೋಳದಲ್ಲೇ ಅವಳು ಮೂರು ಗಂಡುಮಕ್ಕಳನ್ನು ಸಾಕಿದಳಂತೆ. ಹಿರಿಯವನು ಮಾಚ, ಮಾತು ಕಡಿಮೆ, ಮಾತಾಡಿದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ನಡುವಿನವನು ಬೂಚ, ಎಲ್ಲರನ್ನೂ ಅಣಕಿಸೋನು. ಕಿರಿಯವನು ಕೇತ, ಆಳೆತ್ತರ ಬೆಳೆದಿದ್ದರೂ ರಾತ್ರಿ ದೀಪ ಆರಿಸಿದರೆ ನಿದ್ದೆ ಮಾಡದವನು. ನಗಬೇಡ, ನಮ್ಮ ಮನೇಲೂ ಒಬ್ಬರಿದ್ದಾರೆ.

ಆ ಕಾಲದಲ್ಲಿ ಜೋಳದ ಋಣ ಅಂತ ಒಂದು ಕಟ್ಟಳೆ ಇತ್ತಂತೆ. ನಾಯಕನ ಮನೆಯ ರೊಟ್ಟಿ ಉಂಡವನು ನಾಯಕನ ಜೊತೆ ಯುದ್ಧಕ್ಕೆ ಹೋಗಬೇಕು, ಅದು ಎಲ್ಲರಿಗೂ ಇದ್ದದ್ದೇ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನವರು ಲೆಂಕರು. ಅವರು ಗುಡಿಯಲ್ಲಿ ದೇವರ ಎದುರು ಕೂತು, ನಾಯಕನ ಕೈಯಿಂದ ರೊಟ್ಟಿ ಈಸಿಕೊಂಡು ಉಂಡು, ಯಾರ ಜೋಳ ಉಂಡೆವೋ ಅವರ ಬಾಳೇ ನಮ್ಮ ಬಾಳು, ಅವರ ಸಾವೇ ನಮ್ಮ ಸಾವು ಅಂತ ಆಣೆ ಮಾಡೋರು. ಆಮೇಲೆ ಅಕ್ಕಸಾಲಿ ಬಂದು ಎಡಗಾಲಿಗೆ ತೊಡರು ಅನ್ನೋ ಬೆಳ್ಳಿ ಕಡಗ ಹಾಕಿ ಬೆಸುಗೆ ಮಾಡಿಬಿಡೋನು. ಒಳಗೆ ಹರಳು ತುಂಬಿರೋ ಕಡಗ, ಹೆಜ್ಜೆ ಇಟ್ಟರೆ ಝಣ್ ಅನ್ನೋದು. ನಾಯಕ ಕಣ್ಣು ಮುಚ್ಚಿದ ದಿನ ಆ ತೊಡರಿನವರೂ ಕೋಟೆ ಬಾಗಿಲಲ್ಲಿ ಪ್ರಾಣ ಬಿಡಬೇಕು. ಆ ಲೋಕಕ್ಕೆ ಒಡೆಯ ಒಬ್ಬನೇ ಹೋಗಬಾರದು ಅಂತ.

ಆಗ ಬಿಲ್ಲಕೆರೆಗೆ ಬಮ್ಮನಾಯಕ ಅನ್ನೋ ಎಳೆಯ ನಾಯಕ ಬಂದಿದ್ದ. ಒಳ್ಳೆಯವನೇ, ದೇಕವ್ವನ ಮಕ್ಕಳ ಜೊತೆ ಅದೇ ಕೆರೆಯಲ್ಲಿ ಈಜು ಕಲಿತವನು. ಅವನು ಪಟ್ಟಕ್ಕೆ ಬಂದ ವರ್ಷ ಮಳೆ ಅತಿಯಾಗಿ ಊರಿನ ಹಗೇವಿಗೆಲ್ಲ ನೀರು ಹೊಕ್ಕಿತಂತೆ. ಹಗೇವು ಅಂದರೆ ಜೋಳ ತುಂಬೋಕೆ ನೆಲದೊಳಗೆ ತೋಡಿದ ಗುಂಡಿ, ನೀರು ಹೊಕ್ಕರೆ ಕಾಳು ನಾರುತ್ತೆ. ಅದೇ ವರ್ಷ ಒಂದು ದಿನ ದೇಕವ್ವ ಸೊಪ್ಪು ಬಿಡಿಸ್ತಾ ಕೂತಿದ್ದಾಗ ಮಕ್ಕಳು ಬರೋ ಸದ್ದು ಕೇಳಿಸಿತು. ದಿನಾ ಬರೋ ಸದ್ದಲ್ಲ, ಝಣ್, ಝಣ್, ಝಣ್ ಅಂತ. ಅವಳು ತಲೆ ಎತ್ತಲಿಲ್ಲ. ಮೊದಲು ಕಾಲು ನೋಡಿದಳಂತೆ, ಮೂರು ಎಡಗಾಲು, ಮೂರು ತೊಡರು.

ನನ್ನನ್ನು ಒಂದು ಮಾತು ಕೇಳಬಾರದಿತ್ತೇನ್ರೋ ಅಂದಳು.

ಕೇಳಿದ್ದರೆ ನೀನು ಬೇಡ ಅಂತಿದ್ದೆ, ಅದಕ್ಕೇ ಕೇಳಲಿಲ್ಲ ಅಂದ ಮಾಚ. ಬೂಚ ನಗ್ತಾ, ಅವ್ವಾ, ನಾವಿಬ್ಬರೂ ಒಂದೊಂದು ರೊಟ್ಟಿ ತಿಂದೆವು, ಇವನು ನಾಲ್ಕು ತಿಂದ, ಇವನು ನಾಲ್ಕು ಸಲ ಸಾಯಬೇಕು ಅಂದ. ಕೇತ ಮುಖ ಊದಿಸಿಕೊಂಡು, ಮತ್ತಿನ್ನೇನು, ನಮ್ಮ ಮನೆ ರೊಟ್ಟಿ ಹಾಗೆ ಅರಮನೆ ರೊಟ್ಟಿ ನಾರ್ತಿರಲಿಲ್ಲ, ಬಿಸಿ ಬೇರೆ ಇತ್ತು, ತಿಂದೆ ಅಂದನಂತೆ. ದೇಕವ್ವ ಮೂರು ತಟ್ಟೆ ಇಟ್ಟು ಸಾರು ಬಡಿಸಿದಳು. ಅವತ್ತಿನಿಂದ ಅವಳು ನಾಯಕನ ಆಯಸ್ಸಿಗೆ ಕಲಿನಾಥನಿಗೆ ದಿನಾ ಒಂದು ಹೂ ಏರಿಸೋಕೆ ಶುರು ಮಾಡಿದಳಂತೆ.

ಆಮೇಲೆ ಕೆಲವು ವರ್ಷ ಸುಖವಾಗೇ ಹೋಯಿತು. ಆಮೇಲೆ ರಾಜನಿಗೆ ಇನ್ನೊಬ್ಬ ರಾಜನ ಮೇಲೆ ಸಿಟ್ಟು ಬಂತು. ಯಾಕೆ ಅಂತ ನನಗೂ ಗೊತ್ತಿಲ್ಲ ಪುಟ್ಟೀ, ಬಿಲ್ಲಕೆರೆಯವರಿಗೂ ಗೊತ್ತಿರಲಿಲ್ಲ. ರಾಜ ಕರೆದ, ನಾಯಕ ಹೋದ, ನಾಯಕನ ಹಿಂದೆ ಲೆಂಕರು ಹೋದರು. ಗೆದ್ದೇ ಬಂದರು, ಆದರೆ ನಾಯಕ ಕುದುರೆ ಮೇಲೆ ಹೋದವನು ಡೋಲಿಯಲ್ಲಿ ಬಂದ. ಪಕ್ಕೆಗೆ ಆದ ಗಾಯ ಕೀವಾಗಿ ಜ್ವರ ಏರಿತ್ತು. ವೈದ್ಯರು ನಾಡಿ ಹಿಡಿದು ನೋಡಿದರು, ಕಷಾಯ ಕೊಟ್ಟರು, ಕೊನೆಗೆ ಮಗನ ಹತ್ತಿರ ಕೂತಿರಿ ಅಂತ ನಾಯಕನ ತಾಯಿಗೆ ಹೇಳಿ ಎದ್ದು ಹೋದರಂತೆ.

ಆ ಸುದ್ದಿ ಬಂದಾಗ ಮಾಚ, ಬೂಚ, ಕೇತ ಮೂವರೂ ಬಾವಿ ಕಟ್ಟೆ ಮೇಲೆ ಕೂತು ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚೋಕೆ ಶುರು ಮಾಡಿದರಂತೆ. ಹಬ್ಬದ ದಿನ ಹಚ್ಚಿದ ಹಾಗೆ. ಬೂಚ ಅವತ್ತು ಯಾರನ್ನೂ ಅಣಕಿಸಲಿಲ್ಲ. ಅದನ್ನು ನೋಡಿ ದೇಕವ್ವ ಸೆರಗು ಸಿಕ್ಕಿಸಿಕೊಂಡು ಹೊರಟಳಂತೆ.

ಮೊದಲು ಹೋದದ್ದು ಅಕ್ಕಸಾಲಿ ಬಾಚೋಜನ ಮನೆಗೆ. ಬೆಸುಗೆ ಹಾಕಿದವನು ನೀನು, ಬಿಡಿಸು ಅಂದಳು. ಬಾಚೋಜ ಕುಲುಮೆ ಮುಂದಿನಿಂದ ಎದ್ದು ಬಂದು, ಅಕ್ಕಾ, ಬೆಳ್ಳಿ ಕಡಿಯೋಕೆ ನನ್ನ ಹತ್ತಿರ ಉಳಿ ಇದೆ, ಆದರೆ ನಿನ್ನ ಮಕ್ಕಳು ಕಾಲು ಚಾಚಬೇಕಲ್ಲ, ಮಾಚ ಚಾಚ್ತಾನಾ ಹೇಳು ಅಂದ. ತೊಡರು ಕಡಿಸಿಕೊಂಡ ಕಾಲಲ್ಲಿ ಅವರು ಬೀದಿಗೆ ಬಂದರೆ ನೀರು ಕೇಳಿದರೂ ಯಾರೂ ಕೊಡಲ್ಲ, ಮಾತು ಕೊಟ್ಟದ್ದು ದೇವರ ಎದುರು, ದೇವರ ಮನೆಗೇ ಹೋಗಿ ಕೇಳು ಅಂತ ಅವನು ಕಣ್ಣೊರೆಸಿಕೊಂಡನಂತೆ.

ಆಮೇಲೆ ಹೋದದ್ದು ಗುಡಿಗೆ. ಸೋಮಜೀಯ ಅಂಗಳದಲ್ಲಿ ಉದುರಿದ ಬಿಲ್ವದೆಲೆ ಗುಡಿಸ್ತಿದ್ದನಂತೆ. ಜೀಯಾ, ನಿಮ್ಮ ದೇವರಿಗೆ ನನ್ನ ಗಂಡ ಸಾಲಲಿಲ್ಲವಾ, ಮೂವರು ಮಕ್ಕಳೂ ಬೇಕಾ ಅಂದಳು ದೇಕವ್ವ.

ಸೋಮಜೀಯ ಪೊರಕೆ ಬದಿಗಿಟ್ಟು ಕೂತುಕೊಂಡ. ತಾಯೀ, ಕಲಿನಾಥ ಯಾರನ್ನೂ ಕೇಳಲಿಲ್ಲ, ಇವರಾಗಿ ಬಂದು ಹೇಳಿದರು, ಅವನು ಸಾಕ್ಷಿ ಕೂತ, ಅಷ್ಟೇ ಅಂದ. ಸಾಕ್ಷಿ ಕೂತವನು ಮಾತು ಅಳಿಸೋಕೆ ಬರಲ್ಲ. ಆದರೆ ಒಂದಿದೆ. ಯಾರ ಜೋಳವೋ ಅವರದೇ ಬಿಡುಗಡೆ. ಅವರೇ ಬಾಯಿಬಿಟ್ಟು ಋಣ ತೀರಿತು ಅಂದರೆ ದೇವರು ಬೇಡ ಅನ್ನಲ್ಲ. ನಾಯಕನಿಗೆ ಎಚ್ಚರ ಇಲ್ಲ. ಅಡುಗೆಮನೆ ನಡೆಸೋಳು ಹಿರಿಯವ್ವ. ಅವಳನ್ನು ಕೇಳು. ಹೀಗಂದು ಅವಳ ಹಣೆಗೆ ವಿಭೂತಿ ಹಚ್ಚಿ ಕಳಿಸಿದನಂತೆ.

ಮೂರನೇದು ಹಿರಿಯವ್ವನ ಬಾಗಿಲು, ನಾಯಕನ ತಾಯಿಯದು. ಬರಿಗೈಲಿ ಹೋಗಿ ಬೇಡೋಕೆ ದೇಕವ್ವನಿಗೆ ಮನಸ್ಸಾಗಲಿಲ್ಲ. ಮನೆಗೆ ಬಂದು ಗುಡಾಣದ ಬಾಯಿ ತೆಗೆದು, ನೆತ್ತರುಗೊಡಗೆ ಹೊಲದ ಜೋಳ ಒಂದು ಮೊರ ತುಂಬಿಕೊಂಡು, ತಲೆ ಮೇಲಿಟ್ಟುಕೊಂಡು ಕೋಟೆಯೊಳಗೆ ನಡೆದಳಂತೆ.

ಹಿರಿಯವ್ವ ಮಗನ ಮಂಚದ ಪಕ್ಕ ಕೂತು ಅವನ ತುಟಿಗೆ ಗಂಜಿ ತೀಡ್ತಿದ್ದಳು. ದೇಕವ್ವ ಮೊರ ಕೆಳಗಿಟ್ಟು, ಒಡತೀ, ನನ್ನ ಮಕ್ಕಳು ನಿಮ್ಮ ಮನೆಯ ಜೋಳ ಉಂಡಿದ್ದಾರೆ, ಇಗೋ ಜೋಳ, ಉಂಡದ್ದಕ್ಕಿಂತ ಹೆಚ್ಚೇ ಇದೆ, ತಗೊಂಡು ನನ್ನ ಮಕ್ಕಳನ್ನು ಬಿಡಿ ಅಂದಳು.

ಹಿರಿಯವ್ವ ತಿರುಗಿ ನೋಡಲಿಲ್ಲ. ಜೋಳಕ್ಕೆ ಜೋಳ ಕೊಟ್ಟರೆ ಋಣ ಹರಿಯುತ್ತಾ ದೇಕೀ, ಹಾಗಿದ್ದರೆ ಊರಲ್ಲಿ ಲೆಂಕರೇ ಇರ್ತಿರಲಿಲ್ಲ ಅಂದಳು. ಆಮೇಲೆ ಮಗನ ಹೊದಿಕೆ ಸರಿಮಾಡ್ತಾ ಮೆಲ್ಲಗೆ ಅಂದಳಂತೆ, ನನ್ನ ಮಗ ಒಬ್ಬನೇ ಹೋಗಬೇಕಾ? ಚಿಕ್ಕವನಿದ್ದಾಗ ಇವನಿಗೆ ಕತ್ತಲು ಅಂದರೆ ಭಯ. ಈಗಲೂ ಜ್ವರದಲ್ಲಿ ದೀಪ ದೀಪ ಅಂತಾನೆ. ನಿನ್ನ ಮೂವರಿದ್ದರೆ ಅಲ್ಲಿ ಯಾರಾದರೂ ಕೈ ಹಿಡ್ಕೋತಾರೆ ಅಂತ ನಾನು ಸಮಾಧಾನವಾಗಿದ್ದೀನಿ. ಅದನ್ನೂ ಕಿತ್ಕೋಬೇಡ.

ನನ್ನ ಕೇತನೂ ದೀಪ ಆರಿಸಿದರೆ ಮಲಗಲ್ಲ ಒಡತೀ ಅಂದಳು ದೇಕವ್ವ. ಅಷ್ಟೇ ಅಂದದ್ದು. ಮೊರ ಅಲ್ಲೇ ಬಿಟ್ಟು ಎದ್ದು ಹೋದಳಂತೆ.

ಹಿರಿಯವ್ವ ಒಬ್ಬಳೇ ಉಳಿದಳು. ಮುಂದೆ ಮೊರ. ಮೊರ ಕಂಡರೆ ಹೆಂಗಸರ ಕೈ ಸುಮ್ಮನಿರುತ್ತಾ? ಯೋಚನೆ ಎಲ್ಲೋ ಇದ್ದರೂ ಬೆರಳು ತಾನಾಗೇ ಜೋಳದಲ್ಲಿ ಕಲ್ಲು ಆರಿಸೋಕೆ ಶುರು ಮಾಡಿತು. ಒಳ್ಳೆ ಒಣಗಿದ ಬಿಳಿ ಕಾಳು. ಇಷ್ಟು ಒಣಗಿದ ಕಾಳನ್ನು ಹೀಗೇ ಒಂದು ಮೊರದಲ್ಲಿ ಹಿಂದೆಂದೋ ಅವಸರದಲ್ಲಿ ಆರಿಸಿದ್ದೆನಲ್ಲ, ಯಾವಾಗ ಅದು ಅಂತ ಯೋಚನೆ ಮಾಡ್ತಾ ಮಾಡ್ತಾ ಅವಳ ಕೈ ಗಕ್ಕನೆ ನಿಂತಿತಂತೆ.

ಏನಾಗಿತ್ತು ಅಂದರೆ ಪುಟ್ಟೀ, ಅದು ಲೆಂಕರ ಆಣೆಯ ದಿನ. ನೀರು ಹೊಕ್ಕು ಅರಮನೆ ಹಗೇವಿನ ಜೋಳವೂ ನಾರ್ತಿತ್ತು. ಮಗ ಹೊಸ ನಾಯಕ, ನಾರೋ ರೊಟ್ಟಿ ಕೊಟ್ಟ ಅಂತ ಊರು ಆಡಿಕೊಳ್ಳಬಾರದು ಅಂತ ಹಿರಿಯವ್ವ ಮುಂಜಾನೆಯೇ ಒಬ್ಬಳೇ ಹೋಗಿ ದೇವರ ಕಣಜದಿಂದ ಒಂದು ಮೊರ ಜೋಳ ತಂದಿದ್ದಳು. ಸುಗ್ಗಿ ಆದ ಮೇಲೆ ಎರಡು ಮೊರ ಸುರೀತೀನಿ ಕಲಿನಾಥಾ ಅಂತ ಹೇಳಿಯೂ ಇದ್ದಳು. ಆಮೇಲೆ ಪಟ್ಟದ ಸಡಗರ, ಆಮೇಲೆ ಸುಗ್ಗಿ, ಆಮೇಲೆ ಮತ್ತೊಂದು ಸುಗ್ಗಿ. ಮರೆತೇ ಹೋಗಿತ್ತು. ಬೇಕಂತ ಮರೆತದ್ದಲ್ಲ, ಎಲ್ಲ ಇದ್ದವರಿಗೆ ಆಗೋ ಮರೆವು ಅದು.

ಈಗ ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮಗನಿಗೆ ಮೂವರು ಜೊತೆಗಾರರು, ಮನೆಯ ಮಾನವೂ ಉಳಿಯುತ್ತೆ. ಬಾಯಿ ಬಿಟ್ಟರೆ ನಾಯಕನ ಮನೆಯವರು ಎರವಲು ಜೋಳದಲ್ಲಿ ಜನರ ಪ್ರಾಣ ಕೊಂಡರು ಅಂತ ಊರೆಲ್ಲ ಅನ್ನುತ್ತೆ, ಮಗನೂ ಒಬ್ಬನೇ ಹೋಗ್ತಾನೆ. ಅವಳು ದೇವರ ಗೂಡಿನ ಕಡೆ ನೋಡಿದಳು, ಮಗನ ಮುಖ ನೋಡಿದಳು, ಮೊರ ನೋಡಿದಳು. ಆಗ ಮಗ ಜ್ವರದ ಮಂಪರಲ್ಲಿ, ಅವ್ವಾ, ದೀಪ ಅಂದನಂತೆ. ಹಿರಿಯವ್ವ ಬತ್ತಿ ಮುಂದೆ ಮಾಡಿದಳು. ಇನ್ನೊಬ್ಬ ತಾಯಿಯ ಮನೇಲಿ ಮೂರು ದೀಪ ಆರಿಸಿ ನಿನಗೆ ಬೆಳಕು ಮಾಡಲಾ ಮಗನೇ ಅಂತ ಅವನ ತಲೆ ಸವರಿ ಎದ್ದಳಂತೆ.

ಜನರ ಎದುರು ಪಲ್ಲಕ್ಕಿ ಬಿಟ್ಟು ಕೆಳಗಿಳಿಯದವಳು ಮೊರವನ್ನು ತಲೆ ಮೇಲಿಟ್ಟುಕೊಂಡು ಬರಿಗಾಲಲ್ಲಿ ಬೀದಿಗೆ ಬಂದಳು. ಹಿಂದೆ ಓಡಿಬಂದ ದಾಸಿ, ಕೊಡಿ ಅವ್ವಾ ನಾನು ಹೊರ್ತೀನಿ ಅಂದರೆ, ತಂದವಳು ನಾನು, ಹೊರೋಳೂ ನಾನೇ ಅಂದಳಂತೆ. ಹೊಲಕ್ಕೆ ಹೋಗೋರು ನಿಂತರು, ನೀರಿಗೆ ಹೋಗೋರು ಕೊಡ ಇಳಿಸಿದರು. ಅವಳು ಗುಡಿ ಸೇರೋ ಹೊತ್ತಿಗೆ ಊರೇ ಅವಳ ಹಿಂದಿತ್ತು. ಕೊನೆಯ ಸಲ ಕೈ ಮುಗಿಯೋಕೆ ಅಂತ ಬಂದು ಮಿಂದು ನಿಂತಿದ್ದ ಮೂವರು ಅಣ್ಣತಮ್ಮಂದಿರೂ ಅಲ್ಲೇ ಇದ್ದರು, ಅವರ ಅವ್ವನೂ ಇದ್ದಳು.

ಹಿರಿಯವ್ವ ಕಣಜದ ಬಾಗಿಲು ತೆಗೆದು ಜೋಳ ಸುರಿದಳು. ಆಮೇಲೆ ತಿರುಗಿ ನಿಂತು ನಡೆದದ್ದನ್ನೆಲ್ಲ ಹೇಳಿದಳು, ಒಂದನ್ನೂ ಮುಚ್ಚಲಿಲ್ಲ. ಇದೂ ನನ್ನದಲ್ಲ, ದೇಕವ್ವನ ಹೊಲದ್ದು, ಅವಳಿಗೂ ನಾನು ಋಣಿ ಅಂದಳಂತೆ.

ಜನರ ಹಿಂದಿನಿಂದ ಯಾರೋ ಒಬ್ಬ, ಸಾಯೋ ಹೊತ್ತಿಗೆ ಜೋಳ ಯಾರದು ಅಂತ ನೆನಪಾಯ್ತೇನು ಅಂತ ಕೊಂಕು ತೆಗೆದ. ಮಾಚನ ಮುಖ ಕಪ್ಪಿಟ್ಟಿತು. ಹಿರಿಯವ್ವಾ, ಯಾರ ಜೋಳವಾದರೂ ಇರಲಿ, ನಾವು ಹೇಡಿಗಳು ಅನಿಸಿಕೊಂಡು ಬದುಕಲ್ಲ ಅಂದ.

ಆಗ ಸೋಮಜೀಯ ಗರ್ಭಗುಡಿಯಿಂದ ಮೆಲ್ಲಗೆ ಹೊರಗೆ ಬಂದು, ನೀನು ಏನಂತ ಆಣೆ ಮಾಡಿದೆ ಮಾಚ, ಇನ್ನೊಂದು ಸಲ ಹೇಳು ಅಂದ. ಯಾರ ಜೋಳ ಉಂಡೆವೋ ಅವರ ಸಾವೇ ನಮ್ಮ ಸಾವು ಅಂತ ಅಂದ ಮಾಚ. ಅದಕ್ಕೆ ಸೋಮಜೀಯ, ನೀನು ಉಂಡದ್ದು ಯಾರ ಜೋಳ ಅಂತ ಈಗ ಊರೆಲ್ಲ ಕೇಳಿತು. ಒಳಗೆ ಕೂತಿರೋ ಇವನದು. ಆಣೆ ಮುರೀಬೇಡ, ನಾನೂ ಮುರಿ ಅನ್ನಲ್ಲ. ಕಲಿನಾಥ ಸತ್ತ ದಿನ ನೀವು ಮೂವರೂ ಸಾಯಿರಿ. ಅಲ್ಲಿಯವರೆಗೆ ಅವನ ಚಾಕರಿ ಮಾಡಿಕೊಂಡಿರಿ ಅಂದನಂತೆ.

ನೀರಿನ ಕೊಡದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು, ಆಮೇಲೆ ಊರೇ ನಕ್ಕಿತು, ನಗ್ತಾ ನಗ್ತಾ ಅತ್ತಿತು. ಕೊಂಕು ತೆಗೆದವನು ಮೆಲ್ಲಗೆ ಜಾರಿಕೊಂಡ. ಅವನ ಚಾಕರಿ ಅಂದರೆ ಏನು ಜೀಯಾ ಅಂತ ಕೇತ ಕೇಳಿದ. ಕೆರೆ ಏರಿಯಲ್ಲಿ ಹೆಗ್ಗಣ ತೂತು ಮಾಡಿದೆ, ತೂಬು ಕಟ್ಟಿಕೊಂಡಿದೆ, ದೇವರ ಹೊಲ ಅರ್ಧ ಬೀಳು ಬಿದ್ದಿದೆ, ಮಾಡಿ ನೋಡಿ, ಸಾಯೋದೇ ಸುಲಭ ಇತ್ತು ಅಂತೀರಿ ಅಂದನಂತೆ ಸೋಮಜೀಯ. ಅಲ್ಲಿಗೆ ಬೂಚನ ನಾಲಿಗೆಗೆ ಜೀವ ಬಂತು. ಕೇತ ನಾಲ್ಕು ರೊಟ್ಟಿ ತಿಂದಿದ್ದಾನೆ ಜೀಯಾ, ಹೆಗ್ಗಣದ ತೂತೆಲ್ಲ ಅವನ ಪಾಲಿಗಿರಲಿ ಅಂದ.

ದೇಕವ್ವ ಹಿರಿಯವ್ವನ ಹತ್ತಿರ ಹೋಗಿ ಖಾಲಿ ಮೊರ ಈಸಿಕೊಂಡು, ನಡೀರಿ ಒಡತೀ, ಮಗ ಒಬ್ಬನೇ ಇದ್ದಾನೆ ಅಂದಳಂತೆ.

ಎಲ್ಲರೂ ಹೋದರು. ಸಂಜೆ ದೀಪ ಹಚ್ಚೋ ಹೊತ್ತಿಗೆ ದೇವರ ದಯದಿಂದ ನಾಯಕನಿಗೆ ಎಚ್ಚರ ಬಂತಂತೆ. ತಾಯಿ ಅವನ ಕಿವಿಯಲ್ಲಿ ಎಲ್ಲ ಹೇಳಿದಳು. ಅವನು ಸಣ್ಣಗೆ ನಕ್ಕು, ಅವತ್ತು ಅದೇ ರೊಟ್ಟಿ ನಾನೂ ಮುರಿದು ತಿಂದೆನಲ್ಲ ಅವ್ವಾ, ಹಾಗಾದರೆ ನಾನು ಇವರ ಒಡೆಯ ಆಗಲೇ ಇಲ್ಲ, ಒಂದೇ ಪಂಕ್ತಿಯಲ್ಲಿ ಉಂಡವನು ಅಂದ. ಬಾಚೋಜನನ್ನು ಕರೆಸಿದರು. ನಾಯಕ ತನ್ನ ಕೈಯನ್ನು ಮಾಚನ ಕಾಲಿನ ಮೇಲಿಟ್ಟುಕೊಂಡೇ ಇದ್ದ, ಬಾಚೋಜ ಉಳಿಯಿಟ್ಟು ಮೂರು ತೊಡರೂ ಕಡಿದ. ಈ ಸಲ ಮೂವರೂ ಕಾಲು ಚಾಚಿದರಂತೆ.

ಆಮೇಲೆ ನಾಯಕ, ಕೇತಾ, ದೀಪ ಸ್ವಲ್ಪ ಹತ್ತಿರ ಇಡೋ ಅಂದ. ಕೇತ ಇಟ್ಟ. ಮೂವರೂ ಮಂಚದ ಸುತ್ತ ಕೂತು ಕೆರೆಯಲ್ಲಿ ಈಜು ಕಲಿತ ದಿನದ ಮಾತಾಡಿದರು. ಬೆಳಗಿನ ಜಾವ ಕಲಿನಾಥನ ಗಂಟೆ ಕೇಳ್ತಾ ಕೇಳ್ತಾ ನಾಯಕ ಸಮಾಧಾನವಾಗಿ ಕಣ್ಣು ಮುಚ್ಚಿದನಂತೆ. ಹೌದು ಮಗಾ, ಹೋಗಿಬಿಟ್ಟ. ಎಲ್ಲರೂ ಒಂದು ದಿನ ಹೋಗಬೇಕು. ಆದರೆ ಅವನು ಕತ್ತಲಲ್ಲಿ ಹೋಗಲಿಲ್ಲ.

ಮತ್ತೆ ಏನಾಯ್ತು ಅಂದರೆ, ಬಾಚೋಜ ಆ ಮೂರು ತೊಡರು ಕರಗಿಸಿ ಒಂದು ಸರಪಳಿ ಮಾಡಿದ. ಆ ಸರಪಳಿಗೆ ಒಂದು ದೀಪ ತೂಗುಬಿಟ್ಟು ಗುಡಿಯೊಳಗೆ ನಾಯಕನ ಹೆಸರಲ್ಲಿ ನಂದಾದೀಪ ಇಟ್ಟರಂತೆ. ಹಗಲೂ ರಾತ್ರಿ ಆರದ ದೀಪ. ಅದಕ್ಕೆ ದಿನಾ ಸಂಜೆ ಎಣ್ಣೆ ಹೊಯ್ಯೋಕೆ ಇಬ್ಬರು ಮುದುಕಿಯರು ಜೊತೆಯಾಗಿ ಬರೋರಂತೆ, ಒಬ್ಬಳು ಕೋಟೆಯಿಂದ, ಒಬ್ಬಳು ಕೇರಿಯಿಂದ. ಹಿರಿಯವ್ವ ಬತ್ತಿ ಹೊಸೆದರೆ ದೇಕವ್ವ, ಇಷ್ಟು ದಪ್ಪ ಹೊಸೆದರೆ ದೇವರ ಎಣ್ಣೆಯೆಲ್ಲ ಒಂದೇ ವಾರಕ್ಕೆ ಮುಗೀತದೆ ಅಂತ ಗದರೋಳಂತೆ. ಮೂವರು ಮಕ್ಕಳೂ ಇಬ್ಬರನ್ನೂ ಅವ್ವಾ ಅಂತಲೇ ಕರೆಯೋರು. ಪಟ್ಟಕ್ಕೆ ಬಂದ ಹೊಸ ನಾಯಕ, ನಮ್ಮ ಮನೇಲಿ ಹಸಿದವರಿಗೆ ರೊಟ್ಟಿ ಉಂಟು, ಕಾಲಿಗೆ ತೊಡರು ಇಲ್ಲ ಅಂತ ದೇವರ ಎದುರು ಹೇಳಿದನಂತೆ. ಏರಿ ಗಟ್ಟಿಯಾಯ್ತು, ತೂಬಿನಲ್ಲಿ ನೀರು ಹರಿಯಿತು, ದೇವರ ಹೊಲ ತೆನೆ ಬಿಟ್ಟಿತು. ಮಾಚ, ಬೂಚ, ಕೇತ ಮೂವರಿಗೂ ಮದುವೆಯಾಗಿ, ಕೇತನ ಹೆಂಡತಿಗೆ ರೊಟ್ಟಿ ತಟ್ಟಿ ತಟ್ಟಿ ಕೈ ಸೋತು, ಮಕ್ಕಳಾಗಿ, ಮೊಮ್ಮಕ್ಕಳಾಗಿ, ತಲೆ ನೆರೆತು, ಅವರವರ ಹೊತ್ತಿಗೆ ಅವರವರು ಹೋದರಂತೆ. ಕಲಿನಾಥನ ಆಯಸ್ಸು ಮಾತ್ರ ಇನ್ನೂ ಮುಗಿದಿಲ್ಲ.

ಉಂಡವರ ಋಣ ತೀರಿತು, ಜೋಳ ಕಣಜ ಸೇರಿತು, ನನ್ನ ಕತೆ ಮುಗೀತು.

ಹೂಂ ಅನ್ನೋ ಸದ್ದೇ ಇಲ್ಲ. ಮಲಗಿತಾ ಮಗು? ಮಲಕೋ ಕಂದ. ಈ ಕತೆ ಕೇಳಿದವರ ಮನೆಯ ಗುಡಾಣ ಬರಿದಾಗದಿರಲಿ, ಅವರ ಬಾಗಿಲಿಗೆ ಬಂದವರು ಹಸಿದು ಹೋಗದಿರಲಿ, ಅವರ ಮಕ್ಕಳ ಆಯಸ್ಸು ಕೆರೆಯ ನೀರಿನ ಹಾಗೆ ತುಂಬಿರಲಿ. ಕೇಳ್ತಾ ಕೇಳ್ತಾ ನಿದ್ದೆ ಹೋದವರಿಗೂ ಅಷ್ಟೇ ಪುಣ್ಯ ಬರಲಿ. ಎಲ್ಲರ ತಲೆ ಕಾಯಪ್ಪಾ ಸ್ವಾಮಿ. ದೀಪ ಹಾಗೇ ಉರೀತಿರಲಿ.